ಒದ್ದೆ ಹಗ್ಗದ ಸದ್ದು

ಡಬ್ಲಿನ್‌ನಿಂದ ಬಂದಿದ್ದ ಆ ಉದ್ದ ಕೋಟಿನ ಮನುಷ್ಯನ ಮುಂದಿನ ಹಲ್ಲು ಹಾರಿ ಬಿದ್ದದ್ದು ಹ್ಯಾಮ್ ಸ್ಯಾಂಡ್‌ವಿಚ್ಚಿನ ತಟ್ಟೆಗೆ. ತಟ್ಟೆ ನನ್ನ ಕೈಯಲ್ಲೇ ಇತ್ತು. ಬೆಳಗಿನಿಂದ ಬ್ರೆಡ್ಡಿಗೆ ಬೆಣ್ಣೆ ಸವರಿ ಸವರಿ ನನ್ನ ಮಣಿಕಟ್ಟು ಬಿದ್ದುಹೋಗಿತ್ತು, ಅದರ ಮೇಲೆ ಈ ಉಪಕಾರ ಬೇರೆ. ಒಂದಿಡೀ ತಟ್ಟೆ ದಂಡವಾಯಿತು.

ಹೊಡೆದವನು ಮ್ಯಾಟಿ ಲವೆಲ್. ಶವದ ಪೆಟ್ಟಿಗೆಯಲ್ಲಿ ಮಲಗಿದ್ದವನು ಅವನ ತಮ್ಮ ಫೆಸ್ಟಸ್ ಲವೆಲ್, ನಟ. ಡಬ್ಲಿನ್ ಮನುಷ್ಯನ ಹೆಸರು ಪಿಯರ್ಸ್ ಅಂತೆ. ಫೆಸ್ಟಸ್ ಆಡುತ್ತಿದ್ದ ನಾಟಕಶಾಲೆಯಲ್ಲಿ ಏನೋ ದೊಡ್ಡ ಹುದ್ದೆಯವನು. ಪಾಪ, ಪೆಟ್ಟಿಗೆಯ ತಲೆಯ ಕಡೆ ನಿಂತು, ಕಣ್ಣು ಮುಚ್ಚಿ, ಕೈ ಚಾಚಿ, ಫೆಸ್ಟಸ್‌ನ ಪದ್ಯ ಶುರು ಮಾಡಿದ್ದ. ಎರಡು ಸಾಲು ಆಗಿರಲಿಲ್ಲ. ಅಡುಗೆಮನೆಯಿಂದ ಮ್ಯಾಟಿ ಜನರನ್ನು ಭುಜದಿಂದ ಸರಿಸುತ್ತಾ ಬಂದ. ಮೊದಲು ಮುಷ್ಟಿ, ಆ ಮನುಷ್ಯ ಬಗ್ಗಿದಾಗ ಮೊಣಕಾಲು. ಪೆಟ್ಟಿಗೆಯ ಸುತ್ತ ಕಟ್ಟಿದ್ದ ಬಿಳಿ ಹೊದಿಕೆಗೆ ರಕ್ತ ಚಿಮ್ಮಿತು.

"ಇನ್ನೊಂದ್ ಸಾಲು ಹೇಳು ನೋಡೋಣ," ಅಂದ ಮ್ಯಾಟಿ. "ಹೇಳೋ! ಬಾಯಲ್ಲಿ ಇನ್ನೂ ಹಲ್ಲಿದೆಯಲ್ಲ."

"ನಾನು ಅವನ ಸ್ನೇಹಿತ," ಎಂದು ಪಿಯರ್ಸ್ ನೆಲದಿಂದ ಗೊಳಗೊಳ ಅಂದ.

"ಸ್ನೇಹಿತ ಅಂತೆ. ಇದನ್ನ ಎತ್ತಿ ಆಚೆ ಹಾಕ್ರೋ."

ಮನೆಯ ಒಡತಿ, ಲವೆಲ್ ಅಣ್ಣತಮ್ಮಂದಿರ ತಂಗಿ ಸಬೀನಾ, ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಕಿರುಚಿದಳು. ಇಷ್ಟಾದರೂ ಯಾರೊಬ್ಬರೂ ಮ್ಯಾಟಿಯ ಕೈ ಹಿಡಿಯಲಿಲ್ಲ. ಹಿಡಿಯದಿದ್ದುದಕ್ಕೆ ಕಾರಣ ಬರೀ ಹೆದರಿಕೆಯಲ್ಲ. ನಮ್ಮ ಕಡೆ ಹೆಣ ಮನೆಯಲ್ಲಿರುವಷ್ಟು ಹೊತ್ತೂ ಹಾಡು, ಪದ್ಯ, ಕಥೆ ನಡೆದೇ ಇರುತ್ತದೆ, ಆದರೆ ಮನಸ್ಸಿಗೆ ಬಂದವರೆಲ್ಲ ಎದ್ದು ನಿಲ್ಲುವ ಹಾಗಿಲ್ಲ. ಹಾಡಿ ಮುಗಿಸಿದವನಿಗೆ ಮುಂದಿನವನನ್ನು ಕರೆಯುವ ಹಕ್ಕು. ಅವನು ಯಾರ ಹೆಸರು ಹಿಡಿದು ಕರೆಯುತ್ತಾನೋ ಅವರು ಏಳಲೇಬೇಕು. ಕರೆ ಬಂದವನಿಗೆ ದನಿಯೇ ಇಲ್ಲದಿದ್ದರೆ ಅವನ ಪರವಾಗಿ ಇನ್ನೊಬ್ಬರು ಏಳಬಹುದು, ಆದರೆ ಕರೆ ಖಾಲಿ ಹೋಗುವಂತಿಲ್ಲ. ಎದ್ದವನು ನಿನ್ನ ಹುಟ್ಟಾ ವೈರಿಯಾದರೂ ಸರಿ, ಅವನು ಮುಗಿಸುವ ತನಕ ಕೆಮ್ಮುವಂತಿಲ್ಲ, ಕೈಯಂತೂ ಎತ್ತುವಂತೆಯೇ ಇಲ್ಲ. ಪಿಯರ್ಸ್ ಕರೆ ಇಲ್ಲದೆ ಎದ್ದಿದ್ದ. ಹೊಡೆತ ತಿಂದ.

ನನಗೆ ಅವನ ಮೇಲೆ ಕನಿಕರವೇನೂ ಬರಲಿಲ್ಲ, ನಿಜ ಹೇಳಬೇಕೆಂದರೆ ಮೈಯೆಲ್ಲ ಉರಿಯಿತು. ಅವನು ಎರಡನೇ ಸಾಲಿನಲ್ಲೇ ಒಂದು ಪದ ನುಂಗಿಹಾಕಿದ್ದ. ಆ ಪದ್ಯವನ್ನು ಹೇಳಬೇಕಾಗಿದ್ದವಳು ನಾನು.

ನಾನು ಡೀಲಿಯಾ ರಡಿ. ಹಡಗುಕಟ್ಟೆಯ ಪಬ್ ನನ್ನದು. ಫೆಸ್ಟಸ್ಸೂ ನಾನೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ತೆರೆಯ ಮೇಲೆ ಅವನನ್ನು ನೋಡದವರಿಲ್ಲ; ಆ ಮುರಿದ ಮೂಗಿಗೆ, ಆ ಕೈಗಳಿಗೆ ಕೊಲೆಗಾರನದು ಬಿಟ್ಟು ಬೇರೆ ಪಾತ್ರ ಯಾರು ಕೊಡುತ್ತಾರೆ? ಜೀವನಪೂರ್ತಿ ಕತ್ತು ಹಿಸುಕಿದ, ಚೂರಿ ಹಾಕಿದ, ಪ್ರತಿ ಚಿತ್ರದ ಕೊನೆಗೆ ತಾನೂ ಗುಂಡು ತಿಂದು ಸತ್ತ. ಊರಿಗೆ ಬಂದರೆ ಮಕ್ಕಳು ಹಿಂದೆ ಬಿದ್ದು, "ನನ್ನ ಕೊಲ್ಲು ಫೆಸ್ಟಿ, ನನ್ನ ಕೊಲ್ಲು" ಅನ್ನುತ್ತಿದ್ದವು. ಅವನು ಒಬ್ಬೊಬ್ಬರ ಕತ್ತಿಗೂ ಕೈ ಹಾಕಿ ನಾಲಿಗೆ ಹೊರಗೆ ಹಾಕಿಸಿ ಕಳಿಸುತ್ತಿದ್ದ. ಆದರೆ ಅವನು ಪದ್ಯ ಬರೆಯುತ್ತಿದ್ದ ಎಂಬುದು ಯಾರಿಗೆ ಬೇಕಿತ್ತು? ತೆಳ್ಳಗಿನ ಒಂದೇ ಒಂದು ಪುಸ್ತಕ. ಓದಿದವರು ಬೆರಳೆಣಿಕೆ. ಅವರಲ್ಲಿ ನಾನೊಬ್ಬಳು, ಮತ್ತು ಅವನು ಸತ್ತ ಮೇಲೂ ಹೇಳುತ್ತೇನೆ, ಅವನು ನಟನಾಗಿ ಸಾಧಾರಣ, ಕವಿಯಾಗಿ ಬೆಂಕಿ.

ಆ ಪುಸ್ತಕದ ನಡುವೆ ಇರುವ ಪದ್ಯದ ಹೆಸರು 'ಹಗ್ಗದ ಕೊಟ್ಟಿಗೆ.' ಅವರಪ್ಪ ಓವನ್ ಲವೆಲ್ ಮೀನು ಹಿಡಿಯುವವನು. ಮನೆಗೆ ಅಂಟಿಕೊಂಡಂತೆ ಬಲೆ, ಹಗ್ಗ ಇಡುವ ಕೊಟ್ಟಿಗೆಯಿತ್ತು. ಪದ್ಯ ಇಷ್ಟೇ:

ಒದ್ದೆ ಹಗ್ಗಕ್ಕೆ ಒಂದು ಸದ್ದು, ಒಣ ಹಗ್ಗಕ್ಕೆ ಇನ್ನೊಂದು.
ಅಪ್ಪ ಒದ್ದೆಯದನ್ನೇ ಹುಡುಕಿ ತೆಗೆಯುತ್ತಿದ್ದ.
ಅಗಳಿಯ ಸದ್ದು. ಬೂಟಿನ ಸದ್ದು.
ಕೊಕ್ಕೆಯಿಂದ ಹಗ್ಗ ಇಳಿಯುವ ಸದ್ದು.
ಆಮೇಲೆ ಅಪ್ಪ ನನ್ನ ಬೆನ್ನನ್ನು
ಮುಚ್ಚಿದ ಬಾಗಿಲು ಬಡಿದ ಹಾಗೆ ಬಡಿದ.
ಯಾರೂ ತೆರೆಯಲಿಲ್ಲ.

ನೋವು ಎಂಬ ಮಾತೇ ಇಲ್ಲ ನೋಡಿ. ಅಳು ಇಲ್ಲ, ಅಯ್ಯೋ ಇಲ್ಲ. ಬರೀ ಸದ್ದು. ಎಂಥ ಬಿಗಿ! ಪೆಟ್ಟು ತಿಂದವನು ಮಾತ್ರ ಹೀಗೆ ಬರೆಯಬಲ್ಲ, ನೋವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬರೆದಿದ್ದಾನೆ ಎಂದು ನಾನು ಪಬ್ಬಿನಲ್ಲಿ ಎಷ್ಟು ಜನರ ಜೊತೆ ಜಗಳ ಕಾದಿದ್ದೇನೋ. ಒಮ್ಮೆ ಒಬ್ಬ ಅದನ್ನು ತಪ್ಪು ಹೇಳಿದ ಎಂದು ಗ್ಲಾಸು ಎಸೆದಿದ್ದೆ. ಅವನ ಹುಬ್ಬಿನ ಮೇಲೆ ಗುರುತು ಈಗಲೂ ಇದೆ, ಕೇಳಿದರೆ ತೋರಿಸುತ್ತಾನೆ.

ನನ್ನ ಈ ಹುಚ್ಚಿಗೆ ಕಾರಣವಿದೆ. ನನ್ನ ಗಂಡ ನೆಡ್ ಬೆಲ್ಟು ಬಿಚ್ಚುತ್ತಿದ್ದ. ಊಟದ ಹೊತ್ತಿಗೆ ಅಂಗಿ ಒಣಗಿರಲಿಲ್ಲ ಎಂದರೂ ಬೆಲ್ಟು, ಆಲೂಗೆಡ್ಡೆ ಸೀದರೂ ಬೆಲ್ಟು. ಎಲ್ಲರ ಮನೆಯಲ್ಲೂ ಹೀಗೇ ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ. ಫೆಸ್ಟಸ್‌ನ ಪುಸ್ತಕ ಅಂಚೆಯಲ್ಲಿ ಬಂತು, ಕೌಂಟರಿನ ಹಿಂದೆ ನಿಂತು ಆ ಪದ್ಯ ಓದಿದೆ. ಅವತ್ತು ನೆಡ್ ಒಳಗೆ ಬಂದು ಬೆಲ್ಟಿನ ಬಕಲಿಗೆ ಕೈ ಹಾಕಿದಾಗ ಮೊದಲ ಸಲ ಆ ಸದ್ದು ನನಗೆ ಸದ್ದಾಗಿ ಕೇಳಿಸಿತು. ಪೀಪಾಯಿ ಬಡಿಯುವ ಮರದ ಸುತ್ತಿಗೆ ಕಾಲ ಬಳಿ ಇತ್ತು. ಅವನ ಮೊಣಕಾಲು ಚಿಪ್ಪು ಒಡೆಯುವಂತೆ ಕೊಟ್ಟೆ, ಬಿದ್ದ ಮೇಲೆ ಭುಜಕ್ಕೂ ಕೊಟ್ಟೆ. ಕುಂಟುತ್ತಾ ಇಂಗ್ಲೆಂಡಿನ ಹಡಗು ಹತ್ತಿದವನು ಇವತ್ತಿಗೂ ತಿರುಗಿ ಬಂದಿಲ್ಲ. ಆ ಪದ್ಯ ಇಲ್ಲದಿದ್ದರೆ ನಾನು ಯಾವಾಗಲೋ ಮಣ್ಣಾಗಿರುತ್ತಿದ್ದೆ. ಹಾಗಾಗಿ ಅದು ನನ್ನದೂ ಹೌದು.

ಹೋದ ಬೇಸಿಗೆಯಲ್ಲಿ ಫೆಸ್ಟಸ್ ಬಂದಿದ್ದ. ಕಾಯಿಲೆ ಅವನನ್ನು ಒಣ ಮೀನು ಮಾಡಿಬಿಟ್ಟಿತ್ತು. ಅರ್ಧ ಗ್ಲಾಸು ಕಪ್ಪು ಬಿಯರ್ ಮುಂದಿಟ್ಟುಕೊಂಡು ಕುಡಿಯದೆ ಕೂತಿದ್ದ.

"ನನ್ ಪೆಟ್ಟಿಗೆ ಮುಚ್ಚಳ ಹಾಕೋಕ್ ಮುಂಚೆ ನೀನು 'ಹಗ್ಗದ ಕೊಟ್ಟಿಗೆ' ಹೇಳ್ಬೇಕು ಡೀಲಿಯಾ," ಅಂದ.

"ನೀನೇ ಹೇಳ್ಕೋ. ಅಷ್ಟು ದೊಡ್ಡ ನಟ."

"ಅವತ್ತು ನಂಗೆ ಸ್ವಲ್ಪ ಗಂಟಲು ಕಟ್ಟಿರುತ್ತೆ ಕಣೇ."

ನಾನು ನಕ್ಕೆ. ಅವನು ನಗಲಿಲ್ಲ. "ಮ್ಯಾಟಿ ಅಲ್ಲಿರ್ಬೇಕು. ಅವನ ಕಿವಿಗೆ ಬೀಳ್ಬೇಕು. ಅವನಿಲ್ದೆ ಇದ್ರೆ ಹೇಳ್ಲೇಬೇಡ."

"ನಿಮ್ಮಪ್ಪನ ಬಣ್ಣ ಊರೆದುರು ಬಯಲು ಮಾಡಿದ್ರೆ ಅವನು ನನ್ನ ಕೊಂದ್ಹಾಕ್ತಾನೆ."

"ಹೊಡೀತಾನೆ. ಕೊಲ್ಲಲ್ಲ."

"ಇಷ್ಟೊಂದ್ ಇದ್ರೆ ನೀನೇ ಹೋಗಿ ಅವನ ಮುಂದೆ ಓದು. ಊರೋರನ್ನೆಲ್ಲ ಕೊಂದೋನು, ಒಬ್ಬ ಅಣ್ಣನಿಗೆ ಹೆದರ್ತೀಯಾ?"

"ಕೊಲ್ಲೋ ಪಾತ್ರಕ್ಕೆ ಧೈರ್ಯ ಬೇಕಾಗಲ್ಲ ಡೀಲಿಯಾ," ಅಂದು ಗ್ಲಾಸನ್ನು ನನ್ನ ಕಡೆ ತಳ್ಳಿದ. ನಾನು ಮಾತು ಕೊಟ್ಟೆ.

ಅದಕ್ಕೇ ಪಿಯರ್ಸ್‌ನನ್ನು ಹೊರಗೆ ಹಾಕಿದ ಮೇಲೆ ನಾನು ಮ್ಯಾಟಿಯನ್ನು ಹುಡುಕಿಕೊಂಡು ಹಿತ್ತಲಿಗೆ ಹೋದೆ. ಅವನು ಬಕೆಟ್ಟಿನಲ್ಲಿ ಬೆರಳ ಗೆಣ್ಣು ತೊಳೆಯುತ್ತಿದ್ದ. ನೀರು ಕೆಂಪಾಗಿತ್ತು. ವಯಸ್ಸು ಎಪ್ಪತ್ತರ ಹತ್ತಿರ ಬಂದರೂ ಎತ್ತಿನ ಕತ್ತು.

"ಮ್ಯಾಟಿ, ನಾನು ಅದನ್ನ ಹೇಳೋಳೇ. ಮೊದಲೇ ಹೇಳ್ತಿದ್ದೀನಿ."

"ಯಾವ್ದನ್ನ?"

"ಗೊತ್ತಿದ್ದೂ ಕೇಳ್ಬೇಡ."

ಅವನ ಮುಷ್ಟಿ ನನ್ನ ಕಿವಿಯ ಪಕ್ಕದಿಂದ ಹಾದು ಹಿಂದಿದ್ದ ಶೆಡ್ಡಿನ ಬಾಗಿಲಿಗೆ ಬಿತ್ತು. ಹಲಗೆ ಒಳಕ್ಕೆ ಸೀಳಿತು. ಕೈ ಹಲಗೆಯಲ್ಲೇ ಸಿಕ್ಕಿಕೊಂಡಿದ್ದರಿಂದ ಅವನ ಮುಖ ನನ್ನ ಮುಖದ ಹತ್ತಿರವೇ ನಿಂತಿತು, ವಿಸ್ಕಿಯ ನಾತ ಹೊಡೆಯುತ್ತಿತ್ತು. ನಾನು ಕದಲಲಿಲ್ಲ. ಕದಲಿದರೆ ನೆಡ್‌ನ ಕಾಲದ ಡೀಲಿಯಾ ಆಗಿಬಿಡುತ್ತೇನೆ ಎಂಬ ಹಟ.

"ಅದರಲ್ಲಿ ಒಂದಕ್ಷರ ನಿನ್ನ ಬಾಯಿಂದ ಬಂದ್ರೆ ದವಡೆ ಮುರೀತೀನಿ. ಹೆಂಗಸು ಅಂತ ನೋಡಲ್ಲ."

"ನಿಮ್ಮಪ್ಪನೂ ಯಾರು ಏನು ಅಂತ ನೋಡ್ತಿರ್ಲಿಲ್ಲ ಬಿಡು. ಸತ್ತ ತಮ್ಮನಿಗಿಂತ ಆ ಪಿಶಾಚಿ ಮೇಲಾದ್ನಾ ನಿಂಗೆ? ಅವನ ಮರ್ಯಾದೆ ಕಾಯ್ತಿದ್ದೀಯಾ?"

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಕೈಯನ್ನು ಹಲಗೆಯಿಂದ ಕಿತ್ತುಕೊಂಡ, ಚರ್ಮ ಸುಲಿಯಿತು. "ನಿನಗೇನೂ ಗೊತ್ತಿಲ್ಲ," ಅಂದ.

"ನಂಗೆ ಕರೆ ಬಂದ್ರೆ?"

"ಬಂದ್ರೆ ತಾನೇ," ಅಂದವನೇ ಒಳಗೆ ಹೋದ.

ಅವನು ಮಾಡಿದ ಕುತಂತ್ರ ಆಮೇಲೆ ತಿಳಿಯಿತು. ಐದು ಗಂಟೆಗೆ ಪಾದ್ರಿ ಬರುತ್ತಾರೆ, ಮುಚ್ಚಳ ಹಾಕಿ ಹೆಣವನ್ನು ಚರ್ಚಿಗೆ ಸಾಗಿಸುತ್ತಾರೆ. ಅಲ್ಲಿಯ ತನಕ ಕರೆ ನನ್ನ ಕಡೆ ಬರದಂತೆ ನೋಡಿಕೊಂಡರೆ ಆಯಿತಲ್ಲ. ಲವೆಲ್ ಕುಟುಂಬದ ಗಂಡಸರು ಪೆಟ್ಟಿಗೆಯ ಕಾಲ ಕಡೆ ಸಾಲಾಗಿ ಕೂತು ಹಾಡತೊಡಗಿದರು. ಒಬ್ಬ ಮುಗಿಸಿದರೆ ಪಕ್ಕದವನನ್ನು ಕರೆಯುವುದು, ಅವನು ಮುಗಿಸಿದರೆ ಅವನ ಪಕ್ಕದವನನ್ನು. ಸಾಲಿನ ತುದಿ ಮುಟ್ಟಿದರೆ ತಿರುಗಿ ಮೊದಲಿನವನು. ಅಷ್ಟೂ ಹೊತ್ತು ಮ್ಯಾಟಿ ಬಾಗಿಲಿಗೆ ಒರಗಿ, ರಕ್ತ ಸೋರುವ ಕೈಗೆ ಪಾತ್ರೆ ಒರೆಸುವ ಬಟ್ಟೆ ಸುತ್ತಿಕೊಂಡು, ನನ್ನನ್ನೇ ನೋಡುತ್ತಿದ್ದ. ಅವರ ದನಿಯೋ! ಕರು ಹಾಕುವ ಹಸು ಇನ್ನೂ ಚೆನ್ನಾಗಿ ಹಾಡುತ್ತದೆ. ಒಬ್ಬ ಅದೇ ಹಾಡನ್ನು ಎರಡನೇ ಸಲ ಹಾಡಿ ಮುಗಿಸಿದಾಗ ನಾನು ಜೋರಾಗಿಯೇ, "ಇದನ್ನ ಆಗ್ಲೇ ಕೊಂದಾಗಿತ್ತಲ್ಲ, ಮತ್ಯಾಕೆ ಕೊಂದೆ?" ಅಂದೆ. ಕೆಲವರು ನಕ್ಕರು. ಮ್ಯಾಟಿ ನಗಲಿಲ್ಲ.

ಪೆಟ್ಟಿಗೆಯಲ್ಲಿ ಫೆಸ್ಟಸ್ ಕಂದು ಸೂಟು ತೊಟ್ಟು, ಬೆರಳಿಗೆ ಜಪಮಾಲೆ ಸುತ್ತಿಸಿಕೊಂಡು ಮಲಗಿದ್ದ. ಕೊಟ್ಟ ಮಾತು ಹೀಗೆ ಕೈತಪ್ಪಿ ಹೋಗುತ್ತದಲ್ಲ ಎಂದು ಅಳುವೇ ಬಂತು.

ಕೊನೆಗೆ ದಾರಿ ತೋರಿಸಿದ್ದು ಸಿಸ್ಸಿ. ಓವನ್ ಲವೆಲ್‌ನ ತಂಗಿ, ಅಂದರೆ ಈ ಅಣ್ಣತಮ್ಮಂದಿರ ಸೋದರತ್ತೆ. ತೊಂಬತ್ತರ ಮುದುಕಿ, ಬೆಂಕಿಗೂಡಿನ ಪಕ್ಕ ಶಾಲು ಹೊದ್ದು ಕೂತಿದ್ದಳು. ಅವಳ ಮಗ ಪೋರಿಕ್ ಆ ಹಾಡುವ ಸಾಲಿನಲ್ಲಿದ್ದ. ಅವನ ಹಾಡು ಮುಗಿದ ಕೂಡಲೇ ಮುದುಕಿ ಊರುಗೋಲನ್ನು ಚಾಚಿ ಅವನ ಮೊಣಕಾಲ ಗಂಟಿಗೆ ಬಿಗಿದಳು.

"ಹೆತ್ತ ತಾಯಿ ಇಲ್ಲಿ ಕೂತಿದ್ದೀನಿ, ನನ್ನ ಕರೆಯೋಕೆ ನಿನ್ ಬಾಯಿಗೆ ಏನ್ ಬಡ್ಕೊಂಡಿದೆ?"

"ಅಮ್ಮಾ, ಅದು..."

ಇನ್ನೊಂದು ಬಿತ್ತು, ಈ ಸಲ ಗೆಣ್ಣಿಗೆ. ಪೋರಿಕ್ ಮ್ಯಾಟಿಯ ಮುಖ ನೋಡಿದ, ತಾಯಿಯ ಕೋಲು ನೋಡಿದ. "ಸಿಸ್ಸಿ ಲವೆಲ್‌ಗೆ ಕರೆ," ಅಂದ.

ಮುದುಕಿ ಕೂತಲ್ಲೇ ಒಂದು ಲಾಲಿಯ ಚೂರು ಹಾಡಿದಳು. ಉಸಿರು ಸಾಲದೆ ನಡುವೆ ನಿಂತು ನಿಂತು ಮುಗಿಸಿದಳು. ನಾನು ಆಗಲೇ ಲಂಗ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು ಎದ್ದು ನಿಲ್ಲಲು ತಯಾರಾಗಿದ್ದೆ. ಕರೆ ನನಗಲ್ಲದೆ ಇನ್ಯಾರಿಗೆ? ಮ್ಯಾಟಿಯೂ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದ, ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚುತ್ತಿದ್ದ.

"ಮ್ಯಾಟಿ ಲವೆಲ್‌ಗೆ ಕರೆ," ಅಂದಳು ಸಿಸ್ಸಿ.

ಮ್ಯಾಟಿ ನನ್ನ ದಾರಿಗೆ ಎಲ್ಲ ಕಡೆಯಿಂದಲೂ ಬೇಲಿ ಹಾಕಿದ್ದ. ಆದರೆ ತನ್ನನ್ನೇ ಯಾರಾದರೂ ಕರೆದಾರು ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಹುಟ್ಟಿದಾರಭ್ಯ ಒಂದು ಸಾಲು ಹಾಡಿದವನಲ್ಲ, ಅವನನ್ನು ಕರೆಯುವ ಎದೆಗಾರಿಕೆ ಯಾರಿಗಿತ್ತು?

"ಅತ್ತೆ, ನಂಗೆ ಬರಲ್ಲ."

"ಬರುತ್ತೆ. ನಮ್ಮನೆ ಗೋಡೆವರೆಗೂ ಕೇಳ್ತಿತ್ತು ಕಣೋ ಆ ಸದ್ದು. ನಾನು ದಿಂಬಲ್ಲಿ ಕಿವಿ ಮುಚ್ಕೊಂಡೆ. ಸಾಯೋದ್ರೊಳಗೆ ನಿನ್ ಬಾಯಿಂದ ಒಂದ್ಸಲ ಕೇಳ್ಬಿಡ್ತೀನಿ. ಏಳು."

ಕರೆ ಬಂದ ಮೇಲೆ ಒಲ್ಲೆ ಎನ್ನುವಂತಿಲ್ಲ. ಮ್ಯಾಟಿ ಪೆಟ್ಟಿಗೆಯ ಹತ್ತಿರ ಬಂದ. ಅದರ ಅಂಚನ್ನು ಸುಲಿದ ಕೈಯಿಂದ ಹಿಡಿದುಕೊಂಡು, ತಮ್ಮನ ಮುಖ ನೋಡುತ್ತಾ, ಉಗುಳುವ ಹಾಗೆ ಶುರು ಮಾಡಿದ.

"ಒದ್ದೆ ಹಗ್ಗಕ್ಕೆ ಒಂದು ಸದ್ದು, ಒಣ ಹಗ್ಗಕ್ಕೆ ಇನ್ನೊಂದು."

ಅವನಿಗೆ ಬಾಯಿಪಾಠ ಬರುತ್ತಿತ್ತು. ಒಂದು ಪದ ತಪ್ಪಲಿಲ್ಲ. ಅಗಳಿ, ಬೂಟು, ಕೊಕ್ಕೆ, ಎಲ್ಲ ಅದರದರ ಜಾಗದಲ್ಲಿ. 'ಆಮೇಲೆ ಅಪ್ಪ' ಎಂಬಲ್ಲಿಗೆ ಬಂದು ನಿಂತ. ಯಾರೂ ಕೆಮ್ಮಲಿಲ್ಲ.

"ಡೀಲಿಯಾ ರಡಿ," ಅಂದ ನನ್ನ ಕಡೆ ತಿರುಗದೆಯೇ. "ನೀನು ಪಬ್ಬಲ್ಲಿ ಎಲ್ಲರಿಗೂ ಹೇಳ್ತೀಯಂತೆ, ಇದ್ರಲ್ಲಿ ನೋವು ಅನ್ನೋ ಮಾತೇ ಇಲ್ಲ, ಎಂಥ ಗಂಡು ಅಂತ. ಯಾಕಿಲ್ಲ ಗೊತ್ತಾ? ಇವನಿಗೆ ನೋವಾಗ್ಲಿಲ್ಲ, ಅದಕ್ಕೆ ಇಲ್ಲ! ಇವನಿಗೆ ಕೇಳಿಸ್ತು ಅಷ್ಟೆ. ಪೆಟ್ಟು ತಿನ್ನೋನಿಗೆ ಎಲ್ಲಿಂದ ಕೇಳ್ಬೇಕು ಬೂಟಿನ ಸದ್ದು? ಬಾಯಲ್ಲಿ ಅಪ್ಪ ಬಲೆ ತುರುಕಿರ್ತಿದ್ದ, ಕಿವೀಲಿ ನಂದೇ ರಕ್ತ ಹೊಡ್ಕೊಳ್ತಿತ್ತು. ಒದ್ದೆ ಹಗ್ಗದ ಸದ್ದಂತೆ! ಒದ್ದೆ ಹಗ್ಗ ಬಿದ್ರೆ ಏನಾಗುತ್ತೆ ಅಂತ ನಾನು ತೋರಿಸ್ತೀನಿ."

ಕೋಟು ಕಿತ್ತೆಸೆದ. ಅಂಗಿಯನ್ನು ಗುಂಡಿ ಬಿಚ್ಚದೆ ಹರಿದೇ ತೆಗೆದ. ಹುಲ್ಲು ಕೊಯ್ಯುವಾಗಲೂ, ಸಮುದ್ರಕ್ಕೆ ಇಳಿದಾಗಲೂ ಮ್ಯಾಟಿ ಅಂಗಿ ಬಿಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ನಾಚಿಕೆ ಸ್ವಭಾವ ಎಂದು ಹುಡುಗಿಯರು ರೇಗಿಸುತ್ತಿದ್ದೆವು. ಬೆನ್ನು ಅನ್ನುವುದು ಬೆನ್ನಿನ ಹಾಗಿರಲಿಲ್ಲ. ಹೆಗಲಿನಿಂದ ಸೊಂಟದ ತನಕ ಬೆರಳು ದಪ್ಪದ ಬಿಳಿ ಬರೆಗಳು, ಒಂದರ ಮೇಲೊಂದು, ಉತ್ತ ಹೊಲದ ಹಾಗೆ. ಸಬೀನಾ ಬಾಯಿಗೆ ಕೈ ಅಡ್ಡ ಹಿಡಿದಳು. ತನ್ನನ್ನು ಹೆತ್ತು ಅಮ್ಮ ಸತ್ತ ಮೇಲೆ ಸಿಸ್ಸಿಯ ಮನೆಯಲ್ಲಿ ಬೆಳೆದವಳು, ಅವಳಿಗೂ ಗೊತ್ತಿರಲಿಲ್ಲ.

"ಆ ಕೊಟ್ಟಿಗೆಗೂ ನಾವು ಮಲಗೋ ಕೋಣೆಗೂ ನಡುವೆ ಒಂದು ಬಾಗಿಲಿತ್ತು," ಅಂದ ಮ್ಯಾಟಿ. "ಚಿಲಕ ಕೋಣೆ ಕಡೆ. ಇವನು ಆ ಕಡೆ, ನಾನು ಈ ಕಡೆ. ಅಪ್ಪ ಇವನ ಮೈ ಒಂದ್ಸಲಾನೂ ಮುಟ್ಲಿಲ್ಲ. ಇವನು ಮಾಡಿದ್ದಕ್ಕೂ ನಾನೇ ಹೋಗ್ತಿದ್ದೆ. ಹೋಗ್ಲಿ ಬಿಡು, ಚಿಕ್ಕೋನು ಅಂತ ಬಿಟ್ಟೆ. ದೊಡ್ಡೋನಾಗಿ ಊರು ಬಿಟ್ಟ, ಅದಕ್ಕೂ ಬಿಟ್ಟೆ. ಆಮೇಲೆ ನನ್ ಬೆನ್ನು ಕದ್ದ! 'ನನ್ನ ಬೆನ್ನು' ಅಂತೆ! ಟೀವೀಲಿ ಕೂತು ನನ್ನ ಬೆನ್ನು ಅಂತ ಓದಿದ, ಜನ ಕಣ್ಣೊರೆಸ್ಕೊಂಡು ಚಪ್ಪಾಳೆ ಹೊಡೆದ್ರು. ನಂಗಿದ್ದಿದ್ದು ಅದೊಂದೇ ಸ್ವಂತದ್ದು, ಅದನ್ನೂ ತಗೊಂಡ್ ಹೋದ."

ಪದ್ಯವನ್ನು ಅವನು ಮುಗಿಸಲೇ ಇಲ್ಲ. ಪೆಟ್ಟಿಗೆಯ ಮೇಲೆ ಬಗ್ಗಿದ. "ಕರೆ ಈಗ ನಂದು. ಫೆಸ್ಟಸ್ ಲವೆಲ್‌ಗೆ ಕರೆ!"

ಪೆಟ್ಟಿಗೆಯ ಅಂಚನ್ನು ಗುದ್ದಿದ.

"ಏಳೋ! ಕರೀತಿದ್ದೀನಿ, ಏಳು! ಅದು ಯಾರ ಬೆನ್ನು ಅಂತ ಹೇಳು!" ಎಂದವನೇ ಹೆಣದ ಮುಖಕ್ಕೆ ಹೊಡೆದ. ಅಂಗೈಯಿಂದಲ್ಲ, ಮುಷ್ಟಿ ಕಟ್ಟಿ. ದವಡೆ ಪಕ್ಕಕ್ಕೆ ಹೊರಳಿತು. ಎರಡನೇ ಹೊಡೆತಕ್ಕೆ ಪೆಟ್ಟಿಗೆ ಇಟ್ಟಿದ್ದ ಮೇಜು ಜಾರಿತು, ಮೇಣದಬತ್ತಿಗಳು ಉರುಳಿ ಹೊದಿಕೆಯ ಅಂಚು ಹೊತ್ತಿಕೊಂಡಿತು. ಗಂಡಸರು ಒಟ್ಟಿಗೆ ಮೇಲೆ ಬಿದ್ದರು. ಪೋರಿಕ್ ಅವನ ಕತ್ತಿಗೆ ತೋಳು ಹಾಕಿದ. ಮ್ಯಾಟಿ ತಲೆ ಹಿಂದಕ್ಕೆ ಎಸೆದ ರಭಸಕ್ಕೆ ಪೋರಿಕ್‌ನ ಮೂಗು ಒಡೆಯಿತು. ಇನ್ನೊಬ್ಬನನ್ನು ಎತ್ತಿ ಬೆಂಕಿಗೂಡಿಗೆ ಎಸೆದ. ಸಬೀನಾ ಟೀ ಕೆಟಲನ್ನು ತಂದು ಉರಿಯುವ ಬಟ್ಟೆಯ ಮೇಲೆ ಸುರಿದಳು. ನಾಲ್ಕೂ ಕಡೆಯಿಂದ ಎಳೆದರೂ ಮ್ಯಾಟಿ ತಮ್ಮನ ಕೋಟಿನ ಕಾಲರು ಬಿಡಲಿಲ್ಲ; ಅರ್ಧ ಹೆಣ ಪೆಟ್ಟಿಗೆಯಿಂದ ಮೇಲೆ ಬಂದಿತ್ತು.

ನಾನು ಏನು ಮಾಡುತ್ತಿದ್ದೆ? ಹ್ಯಾಮಿನ ಖಾಲಿ ತಟ್ಟೆ ಹಿಡಿದುಕೊಂಡು ಮರದ ಹಾಗೆ ನಿಂತಿದ್ದೆ. ಯಾವ ಬೆನ್ನಿಗೆ ಆನಿಕೊಂಡು ನಾನು ನೆಡ್‌ನನ್ನು ಹೊಡೆದು ಓಡಿಸಿದ್ದೆನೋ ಆ ಬೆನ್ನು ಫೆಸ್ಟಸ್‌ನದಲ್ಲ. ಮೋಸಗಾರ, ಸುಳ್ಳುಗಾರ, ನಿನ್ನ ಕೈಗೆ ಹುಳ ಬೀಳಲಿ ಎಂದು ಅವನನ್ನು ಮನಸ್ಸಿನಲ್ಲೇ ಬೈದೆ. ಆಗ ಪಬ್ಬಿನಲ್ಲಿ ಕೂತು ಅವನು ಹೇಳಿದ್ದು ಕಿವಿಗೆ ಬಂತು: ಮ್ಯಾಟಿ ಅಲ್ಲಿರಬೇಕು, ಅವನಿಲ್ಲದಿದ್ದರೆ ಹೇಳಲೇಬೇಡ. ಅಣ್ಣನನ್ನು ಕೆಣಕಲು ಹಾಗಂದ ಎಂದುಕೊಂಡಿದ್ದೆ. ಕೆಣಕುವವನ ಮುಖ ಹಾಗಿರುತ್ತದೆಯೇ? ಪದ್ಯದ ಕೊನೆಯ ಸಾಲು ಈಗ ನನಗೆ ಅರ್ಥವಾಯಿತು. ಯಾರೂ ತೆರೆಯಲಿಲ್ಲವಂತೆ. ಆ ಯಾರೂ ಅನ್ನುವವನು ಯಾರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬರೆಯುವ ಧೈರ್ಯ ಇರಲಿಲ್ಲ, ಅಷ್ಟೆ.

ತಟ್ಟೆಯನ್ನು ನೆಲಕ್ಕೆ ಅಪ್ಪಳಿಸಿದೆ. ಪಿಂಗಾಣಿ ಚೂರು ಚೂರಾಗಿ ಹಾರಿದಾಗ ಎಲ್ಲರೂ ಒಂದು ಗಳಿಗೆ ನಿಂತರು.

"ಕರೆ ಆಗಿದೆ!" ಎಂದು ಕೂಗಿದೆ. "ಫೆಸ್ಟಸ್ ಲವೆಲ್‌ಗೆ ಕರೆ ಬಂದಿದೆ, ಅವನಿಗೆ ದನಿ ಇಲ್ಲ. ಅವನ ಪರವಾಗಿ ನಾನು ಎದ್ದಿದ್ದೀನಿ. ಬಿಡ್ರೋ ಅವನನ್ನ. ಮ್ಯಾಟಿ, ನೀನೂ ಕಾಲರ್ ಬಿಡು. ಕರೆದವನು ನೀನು, ಮುಗಿಯೋವರೆಗೂ ಕೇಳ್ಬೇಕು."

"ದವಡೆ ಮುರೀತೀನಿ," ಅಂದ ಮ್ಯಾಟಿ, ಆದರೆ ಕಾಲರು ಬಿಟ್ಟ. ಕರೆ ಎಂದರೆ ಕರೆಯೇ.

"ಮುಗಿದ್ಮೇಲೆ ಮುರಿ."

ಫೆಸ್ಟಸ್‌ನ ಪದ್ಯದಲ್ಲಿ ಒಂದು ಅಕ್ಷರ ಬದಲಾದರೂ ಗ್ಲಾಸು ಎಸೆಯುವ ಹೆಂಗಸು ನಾನು. ಎಷ್ಟೋ ವರ್ಷ ಅದನ್ನು ಜಪದ ಹಾಗೆ ಹೇಳಿಕೊಂಡವಳು. ಹಗ್ಗದ ಸದ್ದು ಹೇಳಿದೆ, ಅಗಳಿ, ಬೂಟು, ಕೊಕ್ಕೆ ಹೇಳಿದೆ. ಮ್ಯಾಟಿಯ ಮುಷ್ಟಿ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ಬಿಗಿದು ನಿಂತಿತ್ತು, ಗೆಣ್ಣಿನಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಅವನ ಕಣ್ಣನ್ನೇ ನೋಡುತ್ತಾ ಉಳಿದದ್ದನ್ನು ಹೇಳಿದೆ.

"ಆಮೇಲೆ ಅಪ್ಪ ಮ್ಯಾಟಿಯ ಬೆನ್ನನ್ನು
ಮುಚ್ಚಿದ ಬಾಗಿಲು ಬಡಿದ ಹಾಗೆ ಬಡಿದ.
ನಾನು ತೆರೆಯಲಿಲ್ಲ."

ಪೋರಿಕ್‌ನ ಮೂಗಿನಿಂದ ರಕ್ತ ಹಲಗೆಯ ಮೇಲೆ ಬೀಳುವುದು ಕೇಳುತ್ತಿತ್ತು. ಪಾದ್ರಿ ಬಾಗಿಲಲ್ಲಿ ಬಂದು ನಿಂತಿದ್ದರು, ಕೈಯಲ್ಲಿ ಪ್ರಾರ್ಥನೆಯ ಪುಸ್ತಕ, ಬಾಯಿ ತೆರೆದಿದ್ದದ್ದು ತೆರೆದ ಹಾಗೇ.

ಮ್ಯಾಟಿಯ ಮುಷ್ಟಿ ಕೆಳಗಿಳಿಯಿತು. ಬೆತ್ತಲೆ ಬೆನ್ನನ್ನು ನಮಗೆ ಮಾಡಿ ಪೆಟ್ಟಿಗೆಯ ಕಡೆ ತಿರುಗಿದ. ತಮ್ಮನ ಕಂಕುಳಿಗೆ ಕೈ ಹಾಕಿ ಮೆಲ್ಲಗೆ ಒಳಗೆ ಮಲಗಿಸಿದ. ಹೊರಳಿದ ದವಡೆಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದ, ಕಾಲರು ಎಳೆದು ನೇರ ಮಾಡಿದ.

ಆಮೇಲೆ ಸಿಸ್ಸಿಯ ಕಡೆ ತಿರುಗಿ, ಅವಳಿಗೊಬ್ಬಳಿಗೇ ಎಂಬಂತೆ ಹೇಳಿದ.

"ಚಿಲಕ ಎತ್ತರದಲ್ಲಿತ್ತು ಅತ್ತೆ. ಅವನಿಗೆ ಎಟುಕ್ತಿರ್ಲಿಲ್ಲ."